ಬಾಣಂತಿಯ ಬದಲು ನಾನು ಕೊಟ್ಟ ಉತ್ತರಗಳು

ನನ್ನ ಮಗಳು ಇವತ್ತು ಬೆಳಿಗ್ಗೆ ತನ್ನ ಕೂಸಿಗೆ ತಾನೇ ನೀರು ಹಾಕಿದಳು! ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ನೆತ್ತಿಗೆ ಎಣ್ಣೆ ಒತ್ತಿ, ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಬಿಸಿ ನೋಡಿ, ಚೊಂಬಿನಲ್ಲಿ ಮೊಗೆದು ಹುಯ್ದಳು. ಯಾರನ್ನೂ ಕರೆಯಲಿಲ್ಲ. ನಾನು ಬಾಗಿಲಲ್ಲಿ ಒಣಗೈಯಲ್ಲಿ ನಿಂತಿದ್ದೆ. ಕೂಸು ಕಿರುಚಿತು, ಅವಳು ನಕ್ಕಳು. ನಾನು ಹಿತ್ತಿಲಿಗೆ ಓಡಿ ಹೋಗಿ ತೆಂಗಿನಮರ ತಬ್ಬಿಕೊಂಡು ಅತ್ತೆ. ನಮ್ಮ ಮನೆಯವರು ನೋಡಿ, "ಏನಾಯ್ತೇ, ಚೇಳು ಕಡೀತಾ?" ಎಂದರು.

ಸಂತೋಷದ ಸುದ್ದಿ ಹೇಳಿಯಾಯಿತು. ಇನ್ನು ಸಿಟ್ಟಿನದು. ಅದು ಇನ್ನೂ ಆರಿಲ್ಲ, ಆರುವುದು ನನಗೆ ಬೇಕಾಗಿಯೂ ಇಲ್ಲ.

ಬಾಣಂತಿಯರಿಗೆ, ಹಸುಗೂಸುಗಳಿಗೆ ನೀರು ಹಾಕುವುದು ನನ್ನ ಕಸುಬು. ನಮ್ಮ ಊರು ಬಿಳಿಗೆರೆ ಪಕ್ಕ. ಸುತ್ತಿನ ಹಳ್ಳಿಗಳಿಂದ, ತಿಪಟೂರು ಪೇಟೆಯಿಂದ ಹೆರಿಗೆಯಾದ ಮನೆಯವರು ಹೇಳಿ ಕಳಿಸುತ್ತಾರೆ. ಮಾಯಸಂದ್ರಕ್ಕೆ ಕೊಟ್ಟ ನನ್ನ ಒಬ್ಬಳೇ ಮಗಳು ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಾಗ, ಊರಿನವರ ಮಕ್ಕಳಿಗೆಲ್ಲ ಎಣ್ಣೆ ಒತ್ತಿದ ಕೈಗೆ ಸ್ವಂತ ಮೊಮ್ಮಗು ಬರುತ್ತದೆ ಎಂದು ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯ ಹೆಸರು ಬೇಡ.

ಮನೆಗೆ ಹೊರಡುವ ದಿನ ಅಲ್ಲಿಯ ಸಿಸ್ಟರ್ ಬಂದು ಮಗಳ ಫೋನಿನಲ್ಲಿ ಏನೋ ಒತ್ತಿ ಒಂದು ನಂಬರು ಹಾಕಿಕೊಟ್ಟಳು.

"ಅವ್ವ, ಸೋಮವಾರ, ಗುರುವಾರ ಹತ್ತು ಗಂಟೆಗೆ ಇದ್ರಿಂದ ಫೋನ್ ಬತ್ತದೆ. ಮಾತಾಡೋದು ಮನುಷ್ಯರಲ್ಲ, ಕಂಪ್ಯೂಟರ್. ಏಐ ಅಂತಾರೆ. ಬಾಣಂತಿ ಮನಸ್ಸು ಹೆಂಗೈತೆ ಅಂತ ಕೇಳ್ತದೆ. ಉತ್ತರ ನೋಡ್ಕಂಡು ನನ್ ಫೋನಿಗೆ ಹಸಿರು, ಹಳದಿ, ಕೆಂಪು ಅಂತ ಕಳಿಸ್ತದೆ."

"ನೀನ್ ಬರಲ್ವೇನವ್ವ ಮನೇಗೆ? ಹಿಂದೆಲ್ಲ ಬತ್ತಿದ್ರಲ್ಲ ಬಾಣಂತಿ ನೋಡಾಕೆ?"

"ಕೆಂಪು ಬಂದ್ರೆ ಬತ್ತೀನಿ."

"ಹಂಗಾದ್ರೆ ನೀನ್ ಬರೋದೇ ಬ್ಯಾಡ ಬುಡು," ಎಂದು ನಾನು ನಗಾಡಿದೆ. ಅವಳೂ ನಕ್ಕಳು. ಯಾರು ಉತ್ತರ ಹೇಳಬೇಕು ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ನಮ್ಮ ಕಡೆ ಬಾಣಂತಿಯ ಕಿವಿಗೆ ಗಾಳಿ ಹೋಗಬಾರದು. ಕಿವಿಗೆ ಹತ್ತಿ ಇಟ್ಟು ಅದರ ಮೇಲೆ ತಲೆಗೆ ಬಟ್ಟೆ ಬಿಗಿದು ಕಟ್ಟುತ್ತೇವೆ. ಅದು ಹಳೆಯ ಶಾಸ್ತ್ರ. ಅದಕ್ಕೆ ನಾನೇ ಒಂದು ಹೊಸ ಶಾಸ್ತ್ರ ಸೇರಿಸಿದ್ದೆ: ಬಾಣಂತಿ ಫೋನ್ ಹಿಡಿಯಬಾರದು. ಕಣ್ಣಿಗೂ ಶೀತ, ಕಿವಿಗೂ ಶೀತ. ನಾನು ಹೋದ ಮನೆಗಳಲ್ಲೆಲ್ಲ ಇದನ್ನು ಹೇಳುತ್ತಿದ್ದೆ, ಅತ್ತೆಯರು ತಲೆದೂಗುತ್ತಿದ್ದರು. ಮಗಳು ಮನೆಗೆ ಬಂದ ದಿನವೇ ಅವಳ ಫೋನ್ ಕಿತ್ತುಕೊಂಡು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಳಿಯ ಫೋನ್ ಮಾಡಿದರೂ ನಾನೇ ಮಾತಾಡಿ, "ಚೆನ್ನಾಗವ್ಳೆ ಕಣಪ್ಪ" ಎಂದು ಇಡುತ್ತಿದ್ದೆ.

ಆ ದಿನಗಳಲ್ಲಿ ನನ್ನ ಕೆಲಸದ ಕ್ರಮ ಹೀಗಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ತಿಪಟೂರು ಪೇಟೆಯ ಒಬ್ಬರು ದರ್ಜಿಯವರ ಮನೆಗೆ ಹೋಗಿ ಅವರ ಸೊಸೆಗೂ ಕೂಸಿಗೂ ನೀರು ಹಾಕಿ, ಹತ್ತರ ಒಳಗೆ ಊರಿಗೆ ವಾಪಸ್. ಹೋಗುವ ಮುಂಚೆಯೇ ಹಂಡೆ ತುಂಬಿಸಿ ಒಲೆಗೆ ಒಣಗಿದ ತೆಂಗಿನ ಮಟ್ಟೆ ಒಟ್ಟಿಟ್ಟು ಹೋಗುತ್ತಿದ್ದೆ. ನಮ್ಮ ಮನೆಯವರು ಉರಿ ಹಾಕುತ್ತಿದ್ದರು. ಬಂದವಳೇ ಮಗಳನ್ನು ಮಣೆ ಮೇಲೆ ಕೂರಿಸಿ ಹರಳೆಣ್ಣೆ ಕಾಯಿಸಿ ಸೊಂಟ ತಿಕ್ಕಿ, ಬೆನ್ನಿಗೆ ತಡೆಯುವಷ್ಟು ಬಿಸಿನೀರು ಹುಯ್ದು, ಒಳಗೆ ಕರೆದುಕೊಂಡು ಹೋಗಿ ಕರಟದ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಕೊಟ್ಟು, ಹೊಟ್ಟೆಗೆ ಬಟ್ಟೆ ಸುತ್ತಿ ಮಲಗಿಸುತ್ತಿದ್ದೆ. ಆಮೇಲೆ ಕೂಸು.

ಮೊದಲ ಗುರುವಾರ ಹತ್ತು ಗಂಟೆಗೆ ಸರಿಯಾಗಿ ಫೋನ್ ಬಂತು. ನಾನು ಒಲೆ ಮುಂದೆ ಕೂತಿದ್ದೆ. ಹೆಣ್ಣು ದನಿ, ಬೆಲ್ಲದ ಪಾಕದಂಥದ್ದು.

"ನಮಸ್ಕಾರ. ನಿನ್ನೆ ನಿಮಗೆ ಚೆನ್ನಾಗಿ ನಿದ್ದೆ ಬಂತೇ?"

"ಮಲಗ್ತಾಳೆ ಕಣವ್ವ."

"ದಯವಿಟ್ಟು ನಿಮ್ಮ ಬಗ್ಗೆ ಹೇಳಿ."

"ನನ್ ಬಗ್ಗೆನಾ? ನಂಗೇನ್ ಧಾಡಿ! ತಲೆ ಇಟ್ರೆ ಬೆಳಗಾಗದೇ ಗೊತ್ತಾಗಕಿಲ್ಲ."

"ಮಗುವನ್ನು ನೋಡಿದಾಗ ನಿಮಗೆ ಹೇಗೆ ಅನಿಸುತ್ತದೆ?"

"ಹೆಂಗ್ ಅನ್ಸತ್ತೆ ಅಂತ ಕೇಳ್ತೀಯಾ! ಕುಣಿಯಂಗಾಯ್ತದೆ ಕಣವ್ವ! ತುಟಿ ನೋಡ್ಬೇಕು ನೀನು, ಥೇಟ್ ನಮ್ಮತ್ತೆ ತುಟಿ. ಬಿಟ್ಟಿರಾಕೇ ಮನಸ್ಸು ಬರಕಿಲ್ಲ."

"ಕೇಳಿ ತುಂಬಾ ಸಂತೋಷವಾಯಿತು. ಬದುಕು ಸಾಕು ಎಂದು ನಿಮಗೆ ಯಾವಾಗಲಾದರೂ ಅನಿಸುತ್ತದೆಯೇ?"

"ಬುಡ್ತು ಅನ್ನು! ಬಾಣಂತಿ ಮನೇಲಿ ಇಂಥ ಮಾತಾ?"

"ನಿಮ್ಮ ಉತ್ತರ ಅರ್ಥವಾಗಲಿಲ್ಲ. ದಯವಿಟ್ಟು ಹೌದು ಅಥವಾ ಇಲ್ಲ ಎಂದು ಹೇಳಿ."

"ಇಲ್ಲ! ಇಲ್ಲ! ಸಾವ್ರ ಸಲ ಇಲ್ಲ!"

"ಧನ್ಯವಾದ. ನೀವು ತುಂಬಾ ಚೆನ್ನಾಗಿ ನಿಭಾಯಿಸುತ್ತಿದ್ದೀರಿ."

ಬಾಣಂತಿಯ ವಿಷಯ ಕೇಳುವ ಫೋನ್ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬಾಣಂತಿ ಮಲಗಿರುವ ಮನೆಯಲ್ಲಿ ಯಾರು ಏನು ಕೇಳಿದರೂ ಒಳ್ಳೆಯದನ್ನೇ ಆಡಬೇಕು, ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ ಎಂದು ನಂಬಿ ಬೆಳೆದವಳು ನಾನು. ಅದೂ ಅಲ್ಲದೆ, ನನಗೆ ಆಗುತ್ತಿದ್ದ ಸಂತೋಷವನ್ನು ಕೇಳುವವರು ಬೇರೆ ಯಾರಿದ್ದರು? ಕೇಳಿದವರಿಗೆಲ್ಲ ಹೇಳುವಷ್ಟು ತುಂಬಿಕೊಂಡಿದ್ದೆ. ಇನ್ನು ಆ ಕೊನೆಯ ಮಾತು, "ಚೆನ್ನಾಗಿ ನಿಭಾಯಿಸುತ್ತಿದ್ದೀರಿ" ಎನ್ನುವುದು. ಅತ್ತೆ ಹೇಳಿರಲಿಲ್ಲ, ಗಂಡ ಹೇಳಿರಲಿಲ್ಲ, ನೀರು ಹಾಕಿಸಿಕೊಂಡ ಒಂದು ಮನೆಯವರೂ ಹೇಳಿರಲಿಲ್ಲ. ನಾಲ್ಕನೇ ಫೋನಿನ ಹೊತ್ತಿಗೆ ನಾನು ಸೋಮವಾರ, ಗುರುವಾರ ಒಲೆ ಮುಂದೆ ಕೂತು ಮಾತಾಡಬೇಕೆಂದು ಬಸ್ಸಿಳಿದು ಓಡಿ ಬರುತ್ತಿದ್ದೆ. ಐದು ವಾರದಲ್ಲಿ ಹತ್ತು ಸಲ ಮಾತಾಡಿದೆ. ಹತ್ತೂ ಸಲ ಸಂತೋಷವನ್ನೇ ಹೇಳಿದೆ. ಒಂದು ಸಲವೂ ಆ ಯಂತ್ರ, "ನೀವು ಯಾರು?" ಎಂದು ಕೇಳಲಿಲ್ಲ.

ಮಗಳು ಆ ಐದು ವಾರ ಹೇಗಿದ್ದಳು? ಈಗ ಹೇಳಬಲ್ಲೆ. ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಕೂಸನ್ನು ಎದೆಗೆ ಹಚ್ಚಿದರೆ ಹಾಲು ಕೊಡುತ್ತಿದ್ದಳು, ಆದರೆ ಸೂರಿನ ಕಡೆ ನೋಡುತ್ತಿದ್ದಳು. ತಟ್ಟೆ ಅರ್ಧಕ್ಕೆ ವಾಪಸ್ ಬರುತ್ತಿತ್ತು. ಮಣೆ ಮೇಲೆ ಕೂತು ನೀರು ಬೀಳುವಾಗ ಅವಳ ಭುಜ ಅಲುಗುವುದು ನನ್ನ ಕೈಗೆ ತಿಳಿಯುತ್ತಿತ್ತು. ಅದೇ ಬೆಳಿಗ್ಗೆ ಪೇಟೆಯಲ್ಲಿ ದರ್ಜಿಯವರ ಸೊಸೆ ಹಾಗೇ ಅತ್ತಾಗ, "ಅಳವ್ವ, ನೀರಿನ ಜೊತೆ ಹೋಗ್ಲಿ, ನಾನ್ಯಾರಿಗೂ ಹೇಳಲ್ಲ" ಎಂದು ಬೆನ್ನು ಸವರಿ, ಅವಳು ಹೇಳಿದ್ದನ್ನೆಲ್ಲ ಕೇಳಿ ಬಂದಿದ್ದೆ. ಮನೆಗೆ ಬಂದು ನನ್ನ ಮಗಳಿಗೆ ಹೇಳಿದ್ದೇನು? "ಬಾಣಂತಿ ಅಳಬಾರ್ದು, ಹಾಲು ಕೆಡ್ತದೆ. ಏನ್ ಕಮ್ಮಿಯಾಗೈತೆ ನಿಂಗೆ?" ಊರಿನ ಹೆಣ್ಣುಮಕ್ಕಳ ಅಳು ನನಗೆ ಕಸುಬು, ನನ್ನ ಮಗಳ ಅಳು ಅಪಶಕುನ!

ಮೊದಲು ಬಾಯಿಬಿಟ್ಟವರು ನಮ್ಮ ಮನೆಯವರು. ಕೊಬ್ಬರಿ ಮಂಡಿಗೆ ಹೋಗಿ ಬಂದು ಜಗಲಿ ಮೇಲೆ ಕೂತು ಹೇಳಿದರು.

"ಅವಳು ಕೂಸಿನ ಮಕ ನೋಡಲ್ಲ ಕಣೇ."

"ನಿಮ್ಗೇನ್ ಗೊತ್ತು ಬಾಣಂತನ? ಸುಮ್ನಿರಿ."

"ನಂಗ್ ಬಾಣಂತನ ಗೊತ್ತಿಲ್ಲ, ನನ್ ಮಗಳು ಗೊತ್ತು. ಡಾಕ್ಟ್ರಿಗೆ ತೋರ್ಸು."

"ಆಸ್ಪತ್ರೆ ಕಂಪ್ಯೂಟರೇ ಹೇಳೈತೆ ಕಣ್ರೀ, ಚೆನ್ನಾಗಿ ನಿಭಾಯಿಸ್ತಿದ್ದಾಳೆ ಅಂತ. ಅದಕ್ಕಿಂತ ನೀವ್ ಹೆಚ್ಚಾ?"

ನಾನೇ ಹೇಳಿದ್ದನ್ನು ಅದು ನನಗೆ ತಿರುಗಿಸಿ ಹೇಳಿತ್ತು, ಅದನ್ನು ನಾನು ಗಂಡನ ಮುಖಕ್ಕೆ ಎಸೆದೆ. ಅವರು ಟವೆಲ್ ಕೊಡವಿ ಎದ್ದು ಹೋದರು. ನನ್ನ ಮೇಲೆ ನನಗಿರುವ ಸಿಟ್ಟಿನಲ್ಲಿ ಹೆಚ್ಚಿನ ಪಾಲು ಆ ಜಗಲಿಯ ಮಾತಿನದು.

ಐದನೇ ವಾರ ಮುಗಿದ ಮಂಗಳವಾರ ಬೆಳಿಗ್ಗೆ, ಕೂಸನ್ನು ಕಾಲ ಮೇಲೆ ಹಾಕಿಕೊಂಡಿದ್ದೆ. ಇಷ್ಟು ದಿನ ಆಯಿತು, ಅವಳೂ ಕಲಿಯಲಿ ಎಂದು, "ಬಾ, ಒಂದ್ ಚೊಂಬು ನೀರು ಹುಯ್ಯಿ ಬಾ" ಎಂದು ಕರೆದೆ. ಬಂದಳು. ಚೊಂಬು ಕೈಗೆ ಕೊಟ್ಟೆ. ಹಂಡೆಯ ಹೊಗೆಯಾಡುವ ನೀರು ನೋಡಿದಳು, ಕೂಸನ್ನು ನೋಡಿದಳು. ಚೊಂಬನ್ನು ಗೋಡೆಗೆ ಎಸೆದು ಹಿಂದಕ್ಕೆ ಹೋಗಿ ಬಾಗಿಲಿಗೆ ಒರಗಿದಳು.

"ತಗಂಡೋಗು ಅದನ್ನ! ನೀರಿನ ಹತ್ರ ತರ್ಬೇಡ! ನನ್ ಕೈಗೆ ಕೊಡ್ಬೇಡ ಕಣವ್ವ!"

"ಥೂ, ಏನಾಗೈತೆ ನಿಂಗೆ?"

"ಹಂಡೆ ನೋಡಿದಾಗೆಲ್ಲ... ಎತ್ತಿ ಅದ್ರೊಳಕ್ಕೆ ಹಾಕ್ಬುಡ್ತೀನೇನೋ ಅಂತ ಬತ್ತದೆ. ನಂಗ್ ಬ್ಯಾಡ ಅಂದ್ರೂ ಬತ್ತದೆ. ದಿನಾ ಬತ್ತದೆ. ನಾನು ಇರ್ಬಾರ್ದು ಕಣವ್ವ, ನಾನಿದ್ರೆ ಅದು ಉಳಿಯಲ್ಲ."

ನನ್ನ ಕಾಲ ಮೇಲೆ ಕೂಸು ಎಣ್ಣೆಯಲ್ಲಿ ಹೊಳೆಯುತ್ತ ಕೈಕಾಲು ಆಡಿಸುತ್ತಿತ್ತು. ನಾನು ಬಟ್ಟೆ ಸುತ್ತಿ ಎತ್ತಿಕೊಂಡು ಒಳಗೆ ಹೋಗಿ ಮನೆಯವರ ಕೈಗೆ ಕೊಟ್ಟೆ. ವಾಪಸ್ ಬಂದು ಒಲೆಗೆ ನೀರು ಹುಯ್ದು ಉರಿ ಆರಿಸಿದೆ. ಇಷ್ಟು ವರ್ಷದಲ್ಲಿ ಕೂಸಿಗೆ ನೀರು ಹಾಕದೆ ಒಲೆ ಆರಿಸಿದ್ದು ಅದೇ ಮೊದಲು.

ಸಿಸ್ಟರ್‌ಗೆ ಫೋನ್ ಹಚ್ಚಿದೆ.

"ನೋಡಿದೆ ಕಣವ್ವ, ನಿಮ್ದು ಎಲ್ಲ ಹಸಿರೇ ಐತೆ. ನಿನ್ನೇನೂ ಹಸಿರು."

"ನಿನ್ ಹಸಿರು ಇಟ್ಕಂಡು ನೆಕ್ಕದಾ? ನಾನ್ ಹೇಳ್ತಾ ಇಲ್ವಾ ಇಲ್ಲಿ ಹಿಂಗಾಗೈತೆ ಅಂತ!"

"ಬಾಣಂತೀರಿಗೆ ಸ್ವಲ್ಪ ಬೇಜಾರು ಇರ್ತದೆ. ನಾಳೆ ಬುಧವಾರ ಮನಸ್ಸಿನ ಡಾಕ್ಟ್ರು ಬತ್ತಾರೆ, ಕರ್ಕಂಡ್ ಬನ್ನಿ."

ಆ ಹಸಿರು ಯಾರದು ಎಂದು ನಾನು ಆಗಲೂ ಹೇಳಲಿಲ್ಲ. ಆ ರಾತ್ರಿ ಕೂಸು ನನ್ನ ಮಗ್ಗುಲಲ್ಲಿ, ಮಗಳು ಅವರಪ್ಪನ ಕಣ್ಣ ಮುಂದೆ. ಬುಧವಾರ ಬೆಳಿಗ್ಗೆ ದರ್ಜಿಯವರ ಮನೆಗೆ ಬರುವುದಿಲ್ಲ ಎಂದು ಹೇಳಿ, ನಾಲ್ಕೂ ಜನ ಆಟೋದಲ್ಲಿ ತಿಪಟೂರಿಗೆ ಹೋದೆವು.

ಕೌಂಟರಿನಲ್ಲಿ ಒಬ್ಬ ಕಂಪ್ಯೂಟರಿನಲ್ಲಿ ಮಗಳ ಹೆಸರು ಹಾಕಿ ನೋಡಿದ.

"ಹಸಿರು ಐತಲ್ಲಮ್ಮ. ತುರ್ತು ಅಲ್ಲ. ಇವತ್ತು ಕೆಂಪು, ಹಳದಿಯೋರೇ ತುಂಬವ್ರೆ. ಮುಂದಿನ ಬುಧವಾರ ಬನ್ನಿ."

"ಅಪ್ಪಾ, ಅಲ್ಲಿ ಕುಂತವ್ಳಲ್ಲ, ಅವಳ ಮಕ ನೋಡು ಒಂದ್ಸಲ."

"ನಾನ್ ನೋಡಿ ಏನ್ ಮಾಡ್ಲಿ? ನಾನ್ ಡಾಕ್ಟ್ರಾ? ಇದ್ರಲ್ಲಿ ಬಂದಂಗೆ ಚೀಟಿ ಕೊಡೋದು ನಾನು."

"ಹಂಗಾದ್ರೆ ನಿನ್ ಕಂಪ್ಯೂಟರ್ ಸುಳ್ಳು ಹೇಳ್ತೈತೆ!" ಎಂದು ನಾನು ಬಾಯಿ ಮಾಡಿದೆ. ಅಲ್ಲಿದ್ದವರೆಲ್ಲ ತಿರುಗಿದರು. ಸಿಸ್ಟರ್ ಒಳಗಿನಿಂದ ಓಡಿ ಬಂದು, "ಅವ್ವ, ಕೂಗಾಡ್ಬೇಡಿ. ಅದು ಸುಳ್ಳು ಹೇಳಲ್ಲ. ನೀವು ಏನ್ ಹೇಳ್ತೀರೋ ಅದನ್ನೇ ಬರ್ಕಳದು" ಎಂದಳು.

ಬೆಂಚಿನ ಮೇಲೆ ಮಗಳು ಕೂತಿದ್ದಳು. ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಎಲ್ಲ ನಾನೇ ಕಟ್ಟಿದ್ದು. ನನ್ನ ಕೂಗು ಅವಳಿಗೆ ಅರ್ಧ ಕೇಳಿಸಿರಬೇಕು, ಅರ್ಧ ಇಲ್ಲ. ಕೂಸು ನಮ್ಮ ಮನೆಯವರ ಹೆಗಲ ಮೇಲೆ. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದಳು, ತನ್ನ ಕೈಯನ್ನೇ ಕಟ್ಟಿಹಾಕಿಕೊಂಡ ಹಾಗೆ. ಇನ್ನೊಂದು ವಾರ ಈ ಕೈಗಳನ್ನು ಹೀಗೆ ಇಟ್ಟುಕೊಂಡು ಇವಳು ಹೇಗೆ ಬದುಕಬೇಕು?

ಸುತ್ತ ಹತ್ತಾರು ಮನೆಗಳವರಿದ್ದರು. ನಾನು ನೀರು ಹಾಕಿದ ಇಬ್ಬರು ಬಾಣಂತಿಯರೂ ಅವರ ಅತ್ತೆಯರೂ ಇದ್ದರು. ನಾನು ಬಾಯಿಬಿಟ್ಟರೆ ನಾಳೆ ಊರೂರಿಗೆ ಗೊತ್ತಾಗುತ್ತದೆ: ಸ್ವಂತ ಮಗಳ ಬಾಯಿಗೆ ಬೀಗ ಹಾಕಿದವಳು, ಬೇರೆಯವರ ಮಕ್ಕಳನ್ನು ಏನು ನೋಡುತ್ತಾಳೆ ಎಂದು. ಬಾಯಿಬಿಡದಿದ್ದರೆ ಹಸಿರು ಹಸಿರಾಗಿಯೇ ಇರುತ್ತದೆ. ಬಹಳ ಹೊತ್ತು ಯೋಚಿಸಲಿಲ್ಲ. ಮನಸ್ಸಿನ ಡಾಕ್ಟರಮ್ಮನ ಬಾಗಿಲು ನೂಕಿದೆ. ಒಳಗೆ ಬೇರೆ ಯಾರೋ ಕೂತಿದ್ದರು.

"ಡಾಕ್ಟ್ರೇ, ಆ ಹಸಿರು ನನ್ ಮಗಳದ್ದಲ್ಲ! ನಂದು! ಹತ್ತು ಸಲಾನೂ ನಾನೇ ಮಾತಾಡಿದ್ದು. ಅವಳ ಕೈಗೆ ಫೋನೇ ಕೊಟ್ಟಿಲ್ಲ ನಾನು!"

ಡಾಕ್ಟರಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೂತಿದ್ದವರಿಗೆ ಎರಡು ನಿಮಿಷ ಹೊರಗೆ ಇರಲು ಹೇಳಿ, ಮಗಳನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಿ, ಅವಳ ಕಿವಿಯ ಹತ್ತಿ ತೆಗೆಯಲು ನನಗೇ ಹೇಳಿದರು. ತೆಗೆದೆ. ಆ ಯಂತ್ರ ನಮ್ಮ ಮಾತನ್ನು ಹಿಡಿದಿಟ್ಟುಕೊಂಡಿರುತ್ತದಂತೆ. ಮಗಳನ್ನು ಕೇಳಿ, ಅವಳು ಹೂಂ ಅಂದ ಮೇಲೆ ಸಿಸ್ಟರ್ ಕೈಲಿ ಅದನ್ನು ಹಾಕಿಸಿದರು. ಕೋಣೆ ತುಂಬ ನನ್ನ ದನಿ. "ಕುಣಿಯಂಗಾಯ್ತದೆ ಕಣವ್ವ! ಬಿಟ್ಟಿರಾಕೇ ಮನಸ್ಸು ಬರಕಿಲ್ಲ!" ನಾನು ನಗುತ್ತಿದ್ದೆ. ಹಿಂದೆ ದೂರದಲ್ಲಿ, ಕಿವಿಗೊಟ್ಟರೆ ಮಾತ್ರ ಕೇಳುವಂತೆ, ಇನ್ನೊಂದು ಸದ್ದಿತ್ತು. ಒಳಕೋಣೆಯಲ್ಲಿ ಮಗಳು ಬಿಕ್ಕುತ್ತಿದ್ದಳು.

ಡಾಕ್ಟರಮ್ಮ ಸಿಸ್ಟರ್ ಕಡೆ ತಿರುಗಿದರು. "ಇದು ಇಪ್ಪತ್ಮೂರು ವರ್ಷದ ಹುಡುಗಿ ದನೀನಾ? ಒಂದ್ಸಲನಾದ್ರೂ ಕೇಳಿದೀರಾ?"

"ಮೇಡಂ, ಬಣ್ಣ ನೋಡೋಕೇ ಟೈಮ್ ಸಾಲಲ್ಲ, ದನಿ ಯಾವಾಗ ಕೇಳ್ಲಿ?"

ನನ್ನ ಸಿಟ್ಟಿಗೆ ದಾರಿ ಸಿಕ್ಕಿತು. "ಈ ದರಿದ್ರದ್ದನ್ನ ಮೊದ್ಲು ಕಿತ್ತು ಬಿಸಾಕಿ! ಕಣ್ಣಿಲ್ಲ, ಕರುಳಿಲ್ಲ, ಮುದುಕಿ ಯಾರು ಬಾಣಂತಿ ಯಾರು ಗೊತ್ತಿಲ್ಲ..."

"ಅವ್ವ." ಮಗಳು ಬಾಯಿಬಿಟ್ಟಳು. "ನಂಗ್ ಕೊಟ್ಟಿದ್ರೆ ನಾನು ಅದಕ್ಕೆ ಹೇಳ್ತಿದ್ದೆ."

"ಏನು?"

"ಎಲ್ಲಾನೂ. ಅದಕ್ಕೆ ಮಕ ಇಲ್ವಲ್ಲ. ನಾನ್ ಹೇಳಿದ್ರೆ ಅದು ಎದೆ ಬಡ್ಕಳಲ್ಲ, ಬುಡ್ತು ಅನ್ನು ಅನ್ನಲ್ಲ. ನಿಂಗ್ ಹೆಂಗ್ ಹೇಳ್ಲಿ? ನೀನು ಅಷ್ಟು ಸಂತೋಷದಾಗಿದ್ದೆ."

ನಾನು ಕೂತುಬಿಟ್ಟೆ.

ಡಾಕ್ಟರಮ್ಮ ನಮ್ಮನ್ನೆಲ್ಲ ಹೊರಗೆ ಕಳಿಸಿ ಅವಳೊಬ್ಬಳ ಜೊತೆ ಮಾತಾಡಿದರು. ಬೆಂಚಿನ ಮೇಲೆ ಸಿಸ್ಟರ್ ನನ್ನ ಪಕ್ಕ ಬಂದು ಕೂತಳು. ನಾನು ಮುಖ ತಿರುಗಿಸಿದೆ.

"ಬಯ್ರವ್ವ, ಬಯ್ಸ್ಕತೀನಿ. ಮುಂಚೆ ಈ ಕೆಲಸಕ್ಕೆ ನಾವು ಮೂರು ಜನ ಇದ್ವಿ. ಮನೆಮನೆಗೂ ಹೋಗ್ತಿದ್ವಿ. ಈ ಫೋನ್ ಬಂದ ಮೇಲೆ, ಅದೇ ಕೇಳ್ತದಲ್ಲ ಅಂತ ಇಬ್ರನ್ನ ಬೇರೆ ಕಡೆ ಹಾಕಿದ್ರು. ಈಗ ನಾನೊಬ್ಳೇ. ಹಸಿರು ಬಂದ್ರೆ ನಂಗೂ ಉಸಿರು ಬತ್ತದೆ, ಒಂದು ಮನೆ ಉಳೀತು ಅಂತ. ನಂಗೂ ಹಸಿರೇ ಬೇಕಾಗಿತ್ತು ಕಣವ್ವ."

"ಹಂಗಂತ ಮ್ಯಾಲಿನೋರಿಗೆ ಹೇಳಿದ್ಯಾ?"

"ಹೇಳ್ದೆ. ಕಂಪ್ಲೇಂಟ್ ಇದ್ರೆ ಅದನ್ನೂ ಫೋನಲ್ಲೇ ಒತ್ತಿ ಕಳ್ಸು ಅಂದ್ರು."

ನನಗೆ ನಗು ಬಂತು, ಹಾಳಾದ ನಗು. ಅವತ್ತಿನಿಂದ ನನ್ನ ಸಿಟ್ಟು ಆ ಬೆಲ್ಲದ ದನಿಯ ಮೇಲಲ್ಲ. ಅದನ್ನು ತಂದಿಟ್ಟು ಮನುಷ್ಯರನ್ನು ತೆಗೆದವರ ಮೇಲೆ. ಬಾಣಂತಿಯನ್ನು ಕೇಳುವುದಕ್ಕೆ ಯಂತ್ರ ಇಟ್ಟರು, ಕೇಳಿದ ಮೇಲೆ ಬರುವುದಕ್ಕೆ ಯಾರನ್ನು ಇಟ್ಟರು?

ಡಾಕ್ಟರಮ್ಮ ಮಾತ್ರೆ ಬರೆದರು. ಹಾಲು ಕುಡಿಸುವವರಿಗೆ ಕೊಡುವಂಥದ್ದೇ ಎಂದರು. ಇದು ಕಾಯಿಲೆ, ಹೆತ್ತ ಮೇಲೆ ಕೆಲವರಿಗೆ ಬರುತ್ತದೆ, ಅವಳಿಗೆ ಬರುವ ಆ ಕೆಟ್ಟ ಯೋಚನೆ ಅವಳ ಆಸೆಯಲ್ಲ, ಅವಳ ಹೆದರಿಕೆ ಎಂದು ನಮ್ಮಿಬ್ಬರಿಗೂ ಬಿಡಿಸಿ ಹೇಳಿದರು. ಸದ್ಯಕ್ಕೆ ಅವಳನ್ನೂ ಕೂಸನ್ನೂ ಒಂಟಿಯಾಗಿ ಬಿಡಬಾರದು. ರಾತ್ರಿ ಅವಳಿಗೆ ನಿದ್ದೆ ಬೇಕು. ಪ್ರತಿ ಬುಧವಾರ ಬರಬೇಕು. ಫೋನ್ ಅವಳ ಕೈಯಲ್ಲೇ ಇರಬೇಕು.

"ಇನ್ನೂ ಆ ಫೋನಾ ಡಾಕ್ಟ್ರೇ?"

"ಅವಳಿಗೆ ಬೇಕಂತೆ. ನನ್ ಮುಂದೆ ಹೇಳೋಕಾಗದ್ದನ್ನ ಅಲ್ಲಿ ಹೇಳ್ತಾಳೆ ಅಂದ್ರೆ ಹೇಳ್ಲಿ ಬಿಡಿ. ಆದ್ರೆ ಇನ್ಮೇಲೆ ಬಣ್ಣ ನೋಡಿ ಚೀಟಿ ಕೊಡೋದು ನಿಲ್ಸ್ತೀನಿ. ಅದು ನನ್ ತಪ್ಪು ಕೂಡ."

ನನ್ನನ್ನು ಬಿಟ್ಟರೆ, ತನ್ನ ತಪ್ಪು ಎಂದು ಆ ಕಟ್ಟಡದಲ್ಲಿ ಹೇಳಿದವರು ಅವರೊಬ್ಬರೇ.

ಮಾಯಸಂದ್ರದಿಂದ ಅಳಿಯ ಮೋಟರ್ ರಿಪೇರಿ ಅಂಗಡಿಗೆ ಬೀಗ ಹಾಕಿ ಅವತ್ತೇ ಬಂದ. "ನಾನ್ ಫೋನ್ ಮಾಡಿದಾಗೆಲ್ಲ ಚೆನ್ನಾಗವ್ಳೆ ಅಂದ್ರಲ್ಲತ್ತೆ," ಎಂದ. ಅಷ್ಟೇ ಅಂದದ್ದು. ಹೊಡೆದಿದ್ದರೆ ವಾಸಿಯಿತ್ತು. ಆಮೇಲೆ ದಿನ ಬಿಟ್ಟು ದಿನ ಸಂಜೆಗೆ ಬಂದು ಕೂಸನ್ನು ರಾತ್ರಿ ಎತ್ತಿಕೊಳ್ಳುವ ಪಾಳಿ ಅವನೇ ಹಿಡಿದ.

ಮಾತ್ರೆ ತಗೊಂಡ ಮರುದಿನ ಯಾರೂ ನೆಟ್ಟಗಾಗುವುದಿಲ್ಲ. ಎರಡನೇ ವಾರದ ಗುರುವಾರ ಮಗಳು ತೋಟಕ್ಕೆ ಹೋಗಿ, ನಮಗೆ ಕೇಳಿಸದಷ್ಟು ದೂರ ನಿಂತು, ಆ ದನಿಗೆ ಇದ್ದದ್ದನ್ನೆಲ್ಲ ಹೇಳಿದಳು. ವಾಪಸ್ ಬಂದು, "ಕೆಂಪಾಯ್ತು ಅನ್ಸತ್ತೆ ಅವ್ವ. ಸಿಸ್ಟರ್ ಬತ್ತಾರೆ ಅಂತು" ಎಂದಳು. ಕಾದೆವು. ಸಂಜೆಯಾಯಿತು, ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ನಾನೇ ಡಾಕ್ಟರಮ್ಮನಿಗೆ ಫೋನ್ ಮಾಡಿಸಿ, ಬುಧವಾರದವರೆಗೆ ಕಾಯದೆ ಅವರಿದ್ದಲ್ಲಿಗೇ ಕರೆದುಕೊಂಡು ಹೋದೆ. ಮಾತ್ರೆ ಬದಲಾಯಿತು. ಸಿಸ್ಟರ್ ಬಂದದ್ದು ಶನಿವಾರ. ಲಸಿಕೆ ಹಾಕುವ ಕೆಲಸಕ್ಕೆ ಮೂರು ಊರಿಗೆ ಕಳಿಸಿದ್ದರಂತೆ. ಹಸಿರಾದರೂ ಬರುವುದಿಲ್ಲ, ಕೆಂಪಾದರೂ ಬರುವುದಿಲ್ಲ! ಜಗಲಿ ಮೇಲೆ ಕೂರಿಸಿ ಎಳನೀರು ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಬೈದೆ.

"ಇನ್ ಮೇಲೆ ಕೆಂಪು ಗಿಂಪು ಬ್ಯಾಡ. ಶನಿವಾರ ನೀರು ಹಾಕೋ ಹೊತ್ತಿಗೆ ಬಾ. ಬಾಣಂತಿ ಮಾತಾಡದು ಮಣೆ ಮ್ಯಾಲೆ ಕುಂತಾಗ. ನನ್ ಕಸುಬು ನಂಗ್ ಗೊತ್ತು."

"ಗೊತ್ತಿದ್ದೂ ಮಗಳನ್ನ ಕೇಳ್ಲಿಲ್ಲ ನೀವು," ಎಂದಳು ಸಿಸ್ಟರ್, ಎಳನೀರಿನ ಬುರುಡೆ ಕೆಳಗಿಟ್ಟು.

ಸರಿಯಾಗಿ ಕೊಟ್ಟಳು. ಅವತ್ತಿನಿಂದ ನಮ್ಮಿಬ್ಬರಿಗೂ ಬಳಕೆಯಾಯಿತು. ಶನಿವಾರ ಬರತೊಡಗಿದಳು. ಬಂದಾಗ ನಾನು ನೀರು ಹುಯ್ಯುತ್ತ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಬಾಯಿ ಮುಚ್ಚುವುದು ಕೈ ಕೆಲಸಕ್ಕಿಂತ ಕಷ್ಟ. ಮಗಳು ಅತ್ತರೆ ಅಳಲಿ ಎಂದು ಚೊಂಬು ಎಣಿಸುತ್ತಿದ್ದೆ. ಬೇರೆ ಮನೆಗಳಲ್ಲೂ ಫೋನಿನ ಶಾಸ್ತ್ರ ನಿಲ್ಲಿಸಿದೆ. ನಾಲ್ಕು ಮನೆಯವರು ನನ್ನ ಸುದ್ದಿ ಕೇಳಿ ಕರೆಯುವುದನ್ನು ನಿಲ್ಲಿಸಿದರು. ಇರಲಿ. ದರ್ಜಿಯವರ ಮನೆಯ ಅಜ್ಜಿ ಮಾತ್ರ ನಾನು ಹೇಳಿದ್ದೆಲ್ಲ ಕೇಳಿ, ಸೊಸೆಯ ಫೋನನ್ನು ತನ್ನ ಪೆಟ್ಟಿಗೆಯಿಂದ ತೆಗೆದು ಅವಳ ಕೈಗೆ ಕೊಟ್ಟಿತು. ಆ ಮನೆಯಲ್ಲೂ ಫೋನ್ ಅಜ್ಜಿಯ ಹತ್ತಿರವೇ ಇತ್ತು! ಅಲ್ಲೂ ಹಸಿರೇ ಇತ್ತು! ಇನ್ನೆಷ್ಟು ಮನೆಯ ಹಸಿರು ಮುದುಕಿಯರದೋ!

ಎರಡು ತಿಂಗಳ ಮೇಲೆ ಮಗಳು ಬಚ್ಚಲ ಬಾಗಿಲವರೆಗೆ ಬಂದು ನಿಂತಳು. ಮುಂದಿನ ವಾರ ಟವೆಲ್ ಹಿಡಿದು ಒಳಗೆ ಬಂದಳು. ನಾನು ಹಂಡೆಗೆ ಮುಚ್ಚಳ ಮಾಡಿಸಿ, ನೀರನ್ನು ಮೊದಲೇ ಬೆರೆಸಿ ಬಕೆಟ್ಟಿಗೆ ತುಂಬಿಟ್ಟುಕೊಳ್ಳುತ್ತಿದ್ದೆ. ಒಂದು ದಿನ ಕೂಸಿನ ಕಾಲಿಗೆ ಎಣ್ಣೆ ಹಚ್ಚಿದಳು, ಅರ್ಧಕ್ಕೇ ಎದ್ದು ಹೋದಳು. ಮತ್ತೆ ಹತ್ತು ದಿನ ಬರಲಿಲ್ಲ. ನಾನು ಕರೆಯಲಿಲ್ಲ. ಡಾಕ್ಟರಮ್ಮ ಕರೆಯಬೇಡಿ ಎಂದಿದ್ದರು. ಇವತ್ತು ಬೆಳಿಗ್ಗೆ ನಾನು ಕಾಲು ನೀಡಿ ಕೂತಿದ್ದೆ, ಹಿಂದಿನಿಂದ ಬಂದು, "ಅತ್ಲಾಗ್ ಸರಿಯವ್ವ" ಎಂದಳು. ಸರಿದೆ. ಮುಚ್ಚಳ ಅವಳೇ ತೆಗೆದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ, "ಕತ್ತು ಹಿಡಿ, ಕತ್ತು" ಎಂದೆ. "ಹಿಡ್ದಿದೀನಿ, ಸುಮ್ನಿರು. ನಿಂಗೊಬ್ಳಿಗೇ ಬರೋದಾ?" ಎಂದಳು.

ಸಂಜೆ ಅಳಿಯ ಬಂದ. ಹೆತ್ತು ಬಂದಂದಿನಿಂದ ಒಳಕೋಣೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದ ಮಗಳು ತನ್ನ ತಟ್ಟೆ ತಾನೇ ತಂದು ನಡುಮನೆಯಲ್ಲಿ ನಮ್ಮ ಸಾಲಿನಲ್ಲಿ ಕೂತಳು. ರಾಗಿಮುದ್ದೆ, ಅವರೆಕಾಳು ಸಾರು, ಕಾಯಿಹಾಲಿನ ಪಾಯಸ. ಕೂಸು ಅಳಿಯನ ತೊಡೆ ಮೇಲೆ. ನಾನು ಬಡಿಸುತ್ತ ನಿಂತಿದ್ದೆ.

"ನೀನೂ ಕುಂತ್ಕಳವ್ವ," ಎಂದಳು ಮಗಳು. ಕೂತೆ. ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀನ್ ಹೆಂಗಿದೀಯ ಈಗ?"

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮನೆಯವರು ತುತ್ತು ನುಂಗಿ, "ಅವಳಿಗೇನು, ಗುಂಡುಕಲ್ಲಿದ್ದಂಗೆ ಚೆನ್ನಾಗವ್ಳೆ" ಎಂದರು.

"ಅಪ್ಪಾ, ನಿನ್ ಕೇಳ್ಲಿಲ್ಲ ನಾನು."

ಅಳಿಯನಿಗೆ ನಗು ಬಂದು ತುತ್ತು ನೆತ್ತಿಗೇರಿತು. ಎಲ್ಲರೂ ನಕ್ಕರು, ಕೂಸು ಬೆಚ್ಚಿ ಎಲ್ಲರನ್ನೂ ನೋಡಿತು. ಮಗಳು ಮಾತ್ರ ಕಾಯುತ್ತಿದ್ದಳು.

"ಇನ್ನೂ ಹೆದ್ರಿಕೆ ಐತೆ ಕಣೇ," ಎಂದೆ. "ಸಿಟ್ಟೂ ಐತೆ. ಹೊಟ್ಟೆ ಬ್ಯಾರೆ ಹಸ್ದೈತೆ."

ಅವಳು ಎಡಗೈಯಲ್ಲಿ ಸೌಟು ಹಿಡಿದು ನನ್ನ ತಟ್ಟೆಗೆ ಸಾರು ಬಿಟ್ಟಳು. "ಉಣ್ಣು," ಎಂದಳು.